ಜ್ವರ ಬಿಟ್ಟರೆ ರೋಗ ಬಿಟ್ಟಿತೇ? – ಏಕಕೋಶ ಜೀವಿಗಳು ತರುವ ರೋಗಗಳು



ವಿಜ್ಞಾನದ ಪರೀಕ್ಷೆಯಲ್ಲಿ ಅಮೀಬಾದ ಚಿತ್ರ ಬರೆಯಿರಿ ಅಂತ ಪ್ರಶ್ನೆ ಬರುತ್ತದೆ. ನಾವು ಒಂದು ಸೊಟ್ಟ ಗೆರೆ ಎಳೆದು, ಕೋಶಕೇಂದ್ರ, ಮಿಥ್ಯಪಾದ ಅಂತ ಹೆಸರು ಬರೆದು ಅಂಕ ತೆಗೆದುಕೊಂಡು ಮರೆತುಬಿಡುತ್ತೇವೆ. ಆದರೆ ಅದೇ ಬಳಗದ ಕೆಲವು ಜೀವಿಗಳು ನಮ್ಮ ಕರುಳು, ರಕ್ತ, ಪಿತ್ತಜನಕಾಂಗಗಳಲ್ಲಿ ಮನೆ ಮಾಡಿಕೊಳ್ಳುತ್ತವೆ. ಇವು ಬಲು ಉಪಾಯದ ಜೀವಿಗಳು. ಜ್ವರ ಇಳಿದ ಮೇಲೆ, ಭೇದಿ ನಿಂತ ಮೇಲೆ, ರೋಗ ಹೋಯಿತು ಅಂತ ನಾವು ನಂಬಿದ ಮೇಲೂ ಕೆಲವು ಮೈಯೊಳಗೇ ಅಡಗಿ ಕೂತಿರುತ್ತವೆ. ಈ ವಿಷಯವನ್ನು ತಿಳಿದುಕೊಂಡರೆ ಡಾಕ್ಟರು ಯಾಕೆ ಅಷ್ಟು ದಿನ ಮಾತ್ರೆ ಬರೆದುಕೊಡುತ್ತಾರೆ ಎಂಬುದು ಅರ್ಥವಾಗುತ್ತದೆ. ಅದಕ್ಕಾಗಿ ಈ ಲೇಖನ.

ಏಕಕೋಶ ಜೀವಿ ಎಂದರೇನು?

ನಮ್ಮ ದೇಹ ಕೋಟಿ ಕೋಟಿ ಜೀವಕೋಶಗಳಿಂದ ಆಗಿದೆ. ಏಕಕೋಶ ಜೀವಿಗೆ ಇರುವುದು ಒಂದೇ ಒಂದು ಜೀವಕೋಶ. ಉಣ್ಣುವುದು, ಉಸಿರಾಡುವುದು, ಓಡಾಡುವುದು, ಮರಿ ಮಾಡುವುದು ಎಲ್ಲವೂ ಅದರಲ್ಲೇ. ಇವುಗಳಲ್ಲಿ ಪ್ರಾಣಿಗಳ ಲಕ್ಷಣ ಇರುವ ಗುಂಪಿಗೆ ಆದಿಜೀವಿಗಳು ಅಥವಾ ಪ್ರೋಟೊಜೋವ ಎಂದು ಹೆಸರು. ಬ್ಯಾಕ್ಟೀರಿಯಾಕ್ಕೂ ಒಂದೇ ಜೀವಕೋಶ. ಆದರೆ ಬ್ಯಾಕ್ಟೀರಿಯಾಕ್ಕೆ ಸರಿಯಾದ ಕೋಶಕೇಂದ್ರ ಇಲ್ಲ, ಆದಿಜೀವಿಗೆ ಇದೆ. ವೈರಸ್ಸಿಗಂತೂ ಜೀವಕೋಶವೇ ಇಲ್ಲ. ಆದ್ದರಿಂದ ಒಂದರ ಔಷಧಿ ಇನ್ನೊಂದಕ್ಕೆ ಸಾಮಾನ್ಯವಾಗಿ ನಡೆಯುವುದಿಲ್ಲ.

ಗಾತ್ರ ಎಷ್ಟು? ನಮ್ಮ ಅಳತೆಪಟ್ಟಿಯ ಒಂದು ಮಿಲಿಮೀಟರನ್ನು 1000 ಭಾಗ ಮಾಡಿದರೆ ಒಂದು ಭಾಗ ಒಂದು ಮೈಕ್ರಾನ್. ನಮ್ಮ ಕೆಂಪು ರಕ್ತಕಣದ ಅಗಲ ಸುಮಾರು 7 ಮೈಕ್ರಾನ್. ಮಲೇರಿಯದ ಜೀವಿ ಆ ಕಣದ ಒಳಗೇ ಕೂತು ಬೆಳೆಯುತ್ತದೆ ಅಂದರೆ ಅದು ಎಷ್ಟು ಚಿಕ್ಕದು ನೀವೇ ಲೆಕ್ಕ ಹಾಕಿ.

ಎಲ್ಲ ಆದಿಜೀವಿಗಳೂ ಕೆಟ್ಟವಲ್ಲ. ಕೆರೆಯ ನೀರಿನಲ್ಲಿ, ಗದ್ದೆಯ ಕೆಸರಿನಲ್ಲಿ ಸಾವಿರಾರು ಬಗೆಯವು ತಮ್ಮ ಪಾಡಿಗೆ ತಾವು ಬದುಕಿವೆ. ಇನ್ನೊಂದು ಜೀವಿಯ ಮೈಯಲ್ಲಿದ್ದು, ಅದರದ್ದೇ ಉಂಡು, ಅದಕ್ಕೇ ಕೇಡು ಮಾಡುವ ಜೀವಿಗೆ ಪರಾವಲಂಬಿ ಎನ್ನುತ್ತಾರೆ. ಮರದ ಮೇಲೆ ಬೆಳೆಯುವ ಬಂದಳಿಕೆ ಇದ್ದ ಹಾಗೆ. ಪರಾವಲಂಬಿಗೆ ಜಾಗ ಕೊಟ್ಟ ಜೀವಿಯೇ ಆತಿಥೇಯ. ಇಲ್ಲಿ ಆತಿಥೇಯರು ನಾವು, ಕರೆಯದೆ ಬಂದ ನೆಂಟ ಅದು!

1. ಮಲೇರಿಯ

ಕಾರಣ: ಪ್ಲಾಸ್ಮೋಡಿಯಂ ಎಂಬ ಆದಿಜೀವಿ. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವುದು ಎರಡು ಜಾತಿ. ಒಂದು ವೈವಾಕ್ಸ್, ಇನ್ನೊಂದು ಫಾಲ್ಸಿಪಾರಂ. ಫಾಲ್ಸಿಪಾರಂ ಮಿದುಳಿಗೆ ಏರಿ ಪ್ರಾಣ ತೆಗೆಯಬಲ್ಲದು.

ಹರಡುವ ಬಗೆ: ಅನಾಫಿಲಿಸ್ ಜಾತಿಯ ಹೆಣ್ಣು ಸೊಳ್ಳೆಯಿಂದ. ಗಂಡು ಸೊಳ್ಳೆ ರಕ್ತ ಹೀರುವುದಿಲ್ಲ. ಹೆಣ್ಣಿಗೆ ಮೊಟ್ಟೆ ಬಲಿಯಲು ರಕ್ತ ಬೇಕು. ಈ ಸೊಳ್ಳೆ ಸಂಜೆಯಿಂದ ಬೆಳಗಿನ ಜಾವದವರೆಗೆ ಕಚ್ಚುತ್ತದೆ. ಗೋಡೆಯ ಮೇಲೆ ಕೂತಾಗ ಹಿಂಭಾಗ ಮೇಲೆತ್ತಿ ಓರೆಯಾಗಿ ಕೂರುತ್ತದೆ. ಇದೇ ಗುರುತು.

ಮೈಯೊಳಗಿನ ಪ್ರಯಾಣ ಹೀಗೆ:

ಮೊದಲನೆಯ ಹಂತ: ಸೊಳ್ಳೆ ಕಚ್ಚಿದಾಗ ಅದರ ಜೊಲ್ಲಿನ ಜೊತೆ ಜೀವಿಗಳು ಮೈ ಸೇರುತ್ತವೆ. ರಕ್ತಕ್ಕೆ ಬಿದ್ದ ಸುಮಾರು ಅರ್ಧ ಗಂಟೆಯಲ್ಲೇ ಪಿತ್ತಜನಕಾಂಗ ತಲುಪುತ್ತವೆ.

ಎರಡನೆಯ ಹಂತ: ಅಲ್ಲಿ ಒಂದು ವಾರ ಅಥವಾ ಇನ್ನೂ ಹೆಚ್ಚು ದಿನ ಸದ್ದಿಲ್ಲದೆ ಬೆಳೆಯುತ್ತವೆ. ಆಗ ಜ್ವರವೂ ಇಲ್ಲ, ನೋವೂ ಇಲ್ಲ. ಒಂದೊಂದು ಜೀವಿಯೂ ಸಾವಿರಗಟ್ಟಲೆ ಆಗುತ್ತದೆ.

ಮೂರನೆಯ ಹಂತ: ಹೊರಬಂದವು ಕೆಂಪು ರಕ್ತಕಣಕ್ಕೆ ನುಗ್ಗುತ್ತವೆ. ಒಳಗಿರುವ ಹಿಮೋಗ್ಲೋಬಿನ್ ತಿಂದು ಹೆಚ್ಚಾಗುತ್ತವೆ. ಸುಮಾರು 48 ಗಂಟೆಗೆ ಕಣವನ್ನು ಒಡೆದು ಹೊಸ ಕಣಗಳಿಗೆ ನುಗ್ಗುತ್ತವೆ. ಕಣಗಳು ಒಟ್ಟಿಗೆ ಒಡೆದಾಗ ನಮಗೆ ಗಡಗಡ ಚಳಿ, ಆಮೇಲೆ ಸುಡುವ ಜ್ವರ, ಆಮೇಲೆ ಬೆವರು. ದಿನ ಬಿಟ್ಟು ದಿನ ಬರೋ ಚಳಿಜ್ವರ ಅಂತ ಹಿರಿಯರು ಹೇಳುವುದು ಇದಕ್ಕೇ. ಎಲ್ಲರಿಗೂ ಹೀಗೆ ಲೆಕ್ಕವಾಗಿ ಬರುವುದಿಲ್ಲ. ಮೊದಲ ದಿನಗಳಲ್ಲಿ ದಿನಾ ಬರಬಹುದು. ಆದ್ದರಿಂದ ರಕ್ತ ಪರೀಕ್ಷೆಯೇ ಖಾತ್ರಿ.

ನಾಲ್ಕನೆಯ ಹಂತ: ರಕ್ತದಲ್ಲಿ ಕೆಲವು ಜೀವಿಗಳು ಗಂಡು, ಹೆಣ್ಣು ರೂಪ ತಾಳುತ್ತವೆ. ಇನ್ನೊಂದು ಸೊಳ್ಳೆ ಆ ರೋಗಿಯನ್ನು ಕಚ್ಚಿದರೆ ಇವು ಸೊಳ್ಳೆಯ ಹೊಟ್ಟೆ ಸೇರಿ ಕೂಡುತ್ತವೆ. 10–14 ದಿನದಲ್ಲಿ ಆ ಸೊಳ್ಳೆ ಬೇರೆಯವರಿಗೆ ರೋಗ ಹಚ್ಚಲು ತಯಾರು.

ಅಂದರೆ ಪ್ಲಾಸ್ಮೋಡಿಯಂ ಬಾಳಬೇಕಾದರೆ ಮನುಷ್ಯನೂ ಬೇಕು, ಸೊಳ್ಳೆಯೂ ಬೇಕು. ಒಂದು ತಪ್ಪಿದರೂ ಸರಪಳಿ ಕಡಿಯಿತು.

ಕಂಡುಹಿಡಿದ ಕಥೆ

ಹಿಂದೆ ಕೆಟ್ಟ ಗಾಳಿಯಿಂದ ಈ ಜ್ವರ ಬರುತ್ತದೆ ಎಂದು ನಂಬಿದ್ದರು. ಇಟಲಿಯ ಮಾತಿನಲ್ಲಿ ಮಲೇರಿಯ ಎಂದರೆ ಕೆಟ್ಟ ಗಾಳಿ ಎಂದೇ ಅರ್ಥ. 1880ರಲ್ಲಿ ಆಲ್ಜೀರಿಯದಲ್ಲಿ ಕೆಲಸ ಮಾಡುತ್ತಿದ್ದ ಫ್ರೆಂಚ್ ವೈದ್ಯ ಲಾವೆರಾನ್ ರೋಗಿಯ ರಕ್ತದಲ್ಲಿ ಈ ಜೀವಿಯನ್ನು ಮೊದಲು ಕಂಡರು. ಆದರೆ ಅದು ರಕ್ತಕ್ಕೆ ಹೇಗೆ ಬಂತು ಎಂಬುದು ಗೊತ್ತಾಗಲಿಲ್ಲ.

ಅದನ್ನು ತೋರಿಸಿಕೊಟ್ಟವರು ನಮ್ಮ ದೇಶದ ಅಲ್ಮೋರಾದಲ್ಲಿ ಹುಟ್ಟಿದ ರೊನಾಲ್ಡ್ ರಾಸ್. ಇವರು 1883ರಲ್ಲಿ ನಮ್ಮ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದರು. ತಮ್ಮ ಬಂಗಲೆಯ ಹತ್ತಿರ ಇದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿ ಕಂಡು, ನೀರು ಚೆಲ್ಲಿಸಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂದು ಆಗಲೇ ತಿಳಿದುಕೊಂಡರು. ಮುಂದೆ ಸಿಕಂದರಾಬಾದಿನಲ್ಲಿ ಮಲೇರಿಯ ರೋಗಿಯೊಬ್ಬರಿಗೆ, ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಕೊಟ್ಟು ಸೊಳ್ಳೆಗಳಿಂದ ಕಚ್ಚಿಸಿದರು. ಆಮೇಲೆ ಆ ಸೊಳ್ಳೆಗಳನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯದ ಜೀವಿ ಕಂಡಿತು. ಆ ದಿನವನ್ನು ಈಗಲೂ ವಿಶ್ವ ಸೊಳ್ಳೆ ದಿನ ಎಂದು ಆಚರಿಸುತ್ತಾರೆ. 1902ರಲ್ಲಿ ರಾಸ್ ಅವರಿಗೂ 1907ರಲ್ಲಿ ಲಾವೆರಾನ್ ಅವರಿಗೂ ನೊಬೆಲ್ ಬಹುಮಾನ ಬಂತು.

ಅಡಗುವ ವಿದ್ಯೆ

ಈಗ ಮುಖ್ಯವಾದ ಮಾತು. ವೈವಾಕ್ಸ್ ಜಾತಿಯ ಜೀವಿಗಳೆಲ್ಲ ಒಂದೇ ಸಲ ರಕ್ತಕ್ಕೆ ಬರುವುದಿಲ್ಲ. ಕೆಲವು ಪಿತ್ತಜನಕಾಂಗದಲ್ಲೇ ನಿದ್ದೆ ಹೋದ ಹಾಗೆ ಉಳಿಯುತ್ತವೆ. ರಾಗಿ ಬಿತ್ತಿದ ಹೊಲದಲ್ಲಿ ಎಲ್ಲ ಕಳೆಯೂ ಒಂದೇ ಮಳೆಗೆ ಹುಟ್ಟುತ್ತದೆಯೇ? ಒಂದು ಸಲ ಕಿತ್ತರೆ ಮುಂದಿನ ಮಳೆಗೆ ಮತ್ತೆ ತಲೆ ಎತ್ತುತ್ತದೆ. ಇದೂ ಹಾಗೆಯೇ. ನಿದ್ದೆಯಲ್ಲಿರುವ ಜೀವಿ ರಕ್ತ ಪರೀಕ್ಷೆಗೆ ಸಿಗುವುದಿಲ್ಲ. ವಾರಗಳೋ ತಿಂಗಳುಗಳೋ ಕಳೆದು ಎದ್ದು ಮತ್ತೆ ಜ್ವರ ತರುತ್ತದೆ. ಹೊಸದಾಗಿ ಸೊಳ್ಳೆ ಕಚ್ಚಬೇಕೆಂದೇ ಇಲ್ಲ!

ಆದ್ದರಿಂದ ವೈವಾಕ್ಸ್ ಎಂದು ಗೊತ್ತಾದರೆ ಎರಡು ಬಗೆಯ ಮಾತ್ರೆ ಕೊಡುತ್ತಾರೆ. ಕ್ಲೋರೋಕ್ವಿನ್ 3 ದಿನ. ಇದು ರಕ್ತದಲ್ಲಿರುವುದನ್ನು ಕೊಲ್ಲುತ್ತದೆ. ಪ್ರೈಮಾಕ್ವಿನ್ 14 ದಿನ. ಇದು ಪಿತ್ತಜನಕಾಂಗದಲ್ಲಿ ಅಡಗಿದ್ದನ್ನು ಕೊಲ್ಲುತ್ತದೆ. ಸಾಮಾನ್ಯವಾಗಿ ಆಗುವುದೇನು? ಮೂರನೇ ದಿನಕ್ಕೆ ಜ್ವರ ಬಿಡುತ್ತದೆ. ನಾಲ್ಕನೇ ದಿನ ಹೊಲಕ್ಕೆ, ಕೂಲಿಗೆ, ಶಾಲೆಗೆ ಹೊರಡುತ್ತಾರೆ. "ಜ್ವರ ಬಿಟ್ಟೈತಲ್ಲ, ಇನ್ಯಾಕೆ ಮಾತ್ರೆ? ಸುಮ್ನೆ ಉಷ್ಣ ಆಗುತ್ತೆ" ಅಂತ ಉಳಿದ ಮಾತ್ರೆ ಗೋಡೆಯ ಗೂಡು ಸೇರುತ್ತದೆ. ಎರಡು ತಿಂಗಳಿಗೆ ಮತ್ತೆ ಚಳಿ. ಆಗ ಮಾತ್ರೆ ಸರಿಯಿಲ್ಲ ಅಂತ ಬೈಯುತ್ತಾರೆ. ಮಾತ್ರೆ ಸರಿಯಾಗಿಯೇ ಇತ್ತು, 14 ದಿನ ಹೊಟ್ಟೆಗೆ ಹೋಗಲಿಲ್ಲ ಅಷ್ಟೇ. ಈ ಮಧ್ಯೆ ಆ ಮನೆಯ ಸೊಳ್ಳೆಗಳು ಅಕ್ಕಪಕ್ಕದವರಿಗೂ ರೋಗ ಹಂಚಬಹುದು.

ಎಚ್ಚರಿಕೆ: ಪ್ರೈಮಾಕ್ವಿನ್ ಮಾತ್ರೆಯನ್ನು ಗರ್ಭಿಣಿಯರಿಗೆ, ಒಂದು ವರ್ಷ ತುಂಬದ ಕೂಸಿಗೆ ಕೊಡುವಂತಿಲ್ಲ. ಕೆಲವರ ರಕ್ತಕ್ಕೆ ಹುಟ್ಟಿನಿಂದಲೇ ಇದು ಆಗುವುದಿಲ್ಲ. ಮಾತ್ರೆ ನುಂಗುವಾಗ ಮೂತ್ರ ಕಪ್ಪಗೆ ಹೋದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಒಬ್ಬರ ಮಾತ್ರೆ ಇನ್ನೊಬ್ಬರು ನುಂಗಲೇಬಾರದು. ಫಾಲ್ಸಿಪಾರಂ ಆದರೆ ಔಷಧಿಯೇ ಬೇರೆ. ಚೀನಾ ದೇಶದ ಒಂದು ಗಿಡದಿಂದ ತೆಗೆದ ಆರ್ಟಿಮಿಸಿನಿನ್ ಅದರಲ್ಲಿ ಮುಖ್ಯ. ಅದನ್ನು ಕಂಡುಹಿಡಿದ ತು ಯುಯು ಎಂಬ ಮಹಿಳೆಗೆ 2015ರಲ್ಲಿ ನೊಬೆಲ್ ಬಂತು.

ದೇಶಕ್ಕೂ ಇದೇ ಪಾಠ

ಒಬ್ಬ ರೋಗಿಗೆ ಆಗುವುದೇ ಇಡೀ ದೇಶಕ್ಕೂ ಆಗಿದೆ. ಸ್ವಾತಂತ್ರ್ಯ ಬಂದ ಕಾಲದಲ್ಲಿ ಭಾರತದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯ ಬರುತ್ತಿತ್ತು, ಸುಮಾರು 8 ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. ನಮ್ಮ ಮಲೆನಾಡಿನ ಊರುಗಳಿಗೆ ಹೆಣ್ಣು ಕೊಡಲು ಜನ ಹೆದರುತ್ತಿದ್ದ ಕಾಲ ಅದು. 1953ರಲ್ಲಿ ಸರ್ಕಾರ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿ ಮನೆಮನೆಗೆ ಡಿ.ಡಿ.ಟಿ. ಹೊಡೆಸಿತು. 1965ರ ಹೊತ್ತಿಗೆ ರೋಗಿಗಳ ಸಂಖ್ಯೆ ಸುಮಾರು 1 ಲಕ್ಷಕ್ಕೆ ಇಳಿಯಿತು. ಇನ್ನೇನು ಮುಗಿಯಿತು ಅಂದುಕೊಂಡರು. ನಿಗಾ ಸಡಿಲವಾಯಿತು, ಡಿ.ಡಿ.ಟಿ. ಸಾಲದೆ ಬಂತು, ಸೊಳ್ಳೆಗಳೂ ಅದಕ್ಕೆ ಬಗ್ಗದಾದವು. 1976ರಲ್ಲಿ ರೋಗಿಗಳ ಸಂಖ್ಯೆ 64 ಲಕ್ಷ ದಾಟಿತು! ನಮ್ಮ ರಾಜ್ಯದ ಮಂಗಳೂರು ನಗರವನ್ನು 1990ರ ದಶಕದಿಂದ ಮಲೇರಿಯ ಬಹಳ ವರ್ಷ ಕಾಡಿತು. ಕಟ್ಟಡ ಕಟ್ಟುವ ಜಾಗಗಳಲ್ಲಿ ನಿಂತ ನೀರು ಅದಕ್ಕೆ ಒಂದು ದೊಡ್ಡ ಕಾರಣ.

ಮತ್ತೆ ಪಟ್ಟುಹಿಡಿದು ಕೆಲಸ ಮಾಡಿದ್ದರಿಂದ 2023ರಲ್ಲಿ ದೇಶದ ಸರ್ಕಾರಿ ಲೆಕ್ಕ ಸುಮಾರು 2.27 ಲಕ್ಷಕ್ಕೆ ಇಳಿದಿತ್ತು. ಕಡಿಮೆಯಾದಾಗಲೇ ಹೆಚ್ಚು ಎಚ್ಚರ ಬೇಕು ಎಂಬುದನ್ನು 1965 ಮತ್ತು 1976 ನಮಗೆ ಕಲಿಸುತ್ತವೆ. ಪ್ರಪಂಚದಲ್ಲಿ 2023ರಲ್ಲೂ ಸುಮಾರು 6 ಲಕ್ಷ ಜನ ಮಲೇರಿಯದಿಂದ ಸತ್ತರು. ಅವರಲ್ಲಿ ಬಹಳ ಮಂದಿ ಆಫ್ರಿಕದ 5 ವರ್ಷದೊಳಗಿನ ಮಕ್ಕಳು.

2. ಅಮೀಬಾ ಆಮಶಂಕೆ

ಕಾರಣ: ಎಂಟಮೀಬಾ ಹಿಸ್ಟೊಲಿಟಿಕ. ಇದು ನಾವು ಚಿತ್ರ ಬರೆಯುವ ಅಮೀಬಾದ ದಾಯಾದಿ. ಇದಕ್ಕೆ ಸೊಳ್ಳೆ ಬೇಡ, ನೊಣ, ನೀರು ಮತ್ತು ನಮ್ಮ ಕೈ ಸಾಕು.

ಇದಕ್ಕೆ ಎರಡು ರೂಪ ಇದೆ. ಒಂದು, ಓಡಾಡುವ ರೂಪ. ಇದು ದೊಡ್ಡಕರುಳಿನ ಗೋಡೆಯನ್ನು ಕರಗಿಸಿ ಹುಣ್ಣು ಮಾಡುತ್ತದೆ. ಹೊಟ್ಟೆ ಕಿವಿಚಿದಂತೆ ನೋವು, ಲೋಳೆ ಮತ್ತು ರಕ್ತ ಬೆರೆತ ಭೇದಿ ಆಗುತ್ತದೆ. ಕೆಲವರಲ್ಲಿ ರಕ್ತದ ಮೂಲಕ ಪಿತ್ತಜನಕಾಂಗಕ್ಕೆ ಹೋಗಿ ಕೀವು ತುಂಬಿದ ಕುರು ಆಗುತ್ತದೆ. ಎರಡು, ಗಟ್ಟಿ ಕವಚ ಕಟ್ಟಿಕೊಂಡ ರೂಪ. ಇದಕ್ಕೆ ಸಿಸ್ಟ್ ಎಂದು ಹೆಸರು. ಓಡಾಡುವ ರೂಪ ಹೊರಗೆ ಬಿದ್ದರೆ ಬೇಗ ಸಾಯುತ್ತದೆ. ಕವಚದ ರೂಪ ಒದ್ದೆ ಮಣ್ಣಿನಲ್ಲಿ, ನೀರಿನಲ್ಲಿ ದಿನಗಟ್ಟಲೆ, ವಾರಗಟ್ಟಲೆ ಬದುಕಿರುತ್ತದೆ.

ಇದರ ದಾರಿ ಹೇಳಲು ನಾಚಿಕೆಯಾದರೂ ಹೇಳಲೇಬೇಕು. ಒಬ್ಬರ ಮಲದಲ್ಲಿರುವುದು ಇನ್ನೊಬ್ಬರ ಬಾಯಿಗೆ ಹೋದರೆ ಮಾತ್ರ ಈ ರೋಗ ಬರುತ್ತದೆ. ಬಯಲಿನಲ್ಲಿ ಕೂತದ್ದು ಮಳೆಗೆ ಹರಿದು ಬಾವಿ ಸೇರುತ್ತದೆ. ನೊಣದ ಕಾಲಿಗೆ ಅಂಟಿ ಜಾತ್ರೆಯಲ್ಲಿ ತೆರೆದಿಟ್ಟ ಕಲ್ಲಂಗಡಿ ಹೋಳಿನ ಮೇಲೆ ಕೂರುತ್ತದೆ. ಕೈ ತೊಳೆಯದೆ ಮುದ್ದೆ ಮುರಿದರೆ ನೇರ ಹೊಟ್ಟೆಗೇ.

ಇಲ್ಲೂ ಅಡಗುವ ವಿದ್ಯೆ ಇದೆ. ಈ ಜೀವಿ ಹೊಟ್ಟೆಯಲ್ಲಿರುವ ಹೆಚ್ಚಿನ ಜನರಿಗೆ ಯಾವ ತೊಂದರೆಯೂ ಕಾಣುವುದಿಲ್ಲ. ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುತ್ತಾರೆ. ಆದರೆ ಅವರ ಮಲದಲ್ಲಿ ಸಿಸ್ಟ್ ಹೋಗುತ್ತಲೇ ಇರುತ್ತದೆ. ಹಾಗಾಗಿ "ನಂಗೇನು ರೋಗ ಇಲ್ಲ, ನಾನ್ಯಾಕೆ ಸೋಪು ಹಚ್ಚಲಿ?" ಎನ್ನುವ ಮಾತು ನಡೆಯುವುದಿಲ್ಲ. ಚಿಕಿತ್ಸೆಯಲ್ಲೂ ಕರುಳಿನ ಗೋಡೆಯಲ್ಲಿರುವುದಕ್ಕೆ ಒಂದು ಔಷಧಿ, ಕರುಳೊಳಗೆ ಉಳಿದ ಸಿಸ್ಟಿಗೆ ಇನ್ನೊಂದು ಔಷಧಿ ಕೊಡುತ್ತಾರೆ. ಭೇದಿ ನಿಂತಿತು ಅಂತ ಎರಡನೆಯದನ್ನು ಬಿಟ್ಟರೆ ಮತ್ತೆ ಶುರು.

ಇನ್ನೊಂದು ತಿಳಿಯಬೇಕಾದ ಮಾತು: ಕುಡಿಯುವ ನೀರಿಗೆ ಸಾಮಾನ್ಯವಾಗಿ ಹಾಕುವಷ್ಟು ಕ್ಲೋರಿನ್ ಪುಡಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಆದರೆ ಈ ಸಿಸ್ಟ್ ಅದಕ್ಕೆ ಜಗ್ಗುವುದಿಲ್ಲ. ನೀರನ್ನು ಕೊತಕೊತ ಕುದಿಸಿದರೆ ಮಾತ್ರ ಖಂಡಿತ ಸಾಯುತ್ತದೆ. ಜಿಯಾರ್ಡಿಯ ಎಂಬ ಇನ್ನೊಂದು ಜೀವಿಯೂ ಇದೇ ದಾರಿಯಲ್ಲಿ ಬರುತ್ತದೆ. ಮಕ್ಕಳಿಗೆ ಹೊಟ್ಟೆ ಉಬ್ಬರ, ಜಿಡ್ಡು ಜಿಡ್ಡಾದ ಭೇದಿ ಆಗಿ, ಉಂಡದ್ದು ಮೈಗೆ ಹತ್ತುವುದಿಲ್ಲ.

3. ಕಾಲಾ ಅಜಾರ್

ಇದು ನಮ್ಮ ಕಡೆಯ ರೋಗವಲ್ಲ. ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳ, ಉತ್ತರ ಪ್ರದೇಶದ ಹಳ್ಳಿಗಳ ರೋಗ. ಮರಳುನೊಣ ಎಂಬ, ಸೊಳ್ಳೆಗಿಂತಲೂ ಚಿಕ್ಕದಾದ ಹುಳು ಕಚ್ಚಿ ಹರಡುತ್ತದೆ. ಮಣ್ಣಿನ ಗೋಡೆಯ ಬಿರುಕು, ಕೊಟ್ಟಿಗೆಯ ತೇವ ಅದಕ್ಕೆ ಇಷ್ಟ. ವಾರಗಟ್ಟಲೆ ಜ್ವರ, ಗುಲ್ಮ ಊದಿ ಹೊಟ್ಟೆ ದಪ್ಪ, ಮೈ ಸೊರಗಿ ಬಣ್ಣ ಕಪ್ಪು. ಔಷಧಿ ಸಿಗದಿದ್ದರೆ ಸಾವೇ.

1903ರಲ್ಲಿ ಲೀಷ್ಮನ್ ಮತ್ತು ಮದರಾಸಿನಲ್ಲಿದ್ದ ಡೊನೊವಾನ್ ಇದರ ಜೀವಿಯನ್ನು ಬೇರೆ ಬೇರೆಯಾಗಿ ಪ್ರಕಟಿಸಿದರು. ಇಬ್ಬರ ಹೆಸರೂ ಸೇರಿಸಿ ಅದಕ್ಕೆ ಲೀಷ್ಮೇನಿಯ ಡೊನೊವಾನಿ ಎಂದು ಹೆಸರಿಟ್ಟವರು ಮೇಲೆ ಹೇಳಿದ ರಾಸ್ ಅವರೇ. 1920ರ ಸುಮಾರಿಗೆ ಕಲ್ಕತ್ತದ ಉಪೇಂದ್ರನಾಥ ಬ್ರಹ್ಮಚಾರಿ ಯೂರಿಯಾ ಸ್ಟಿಬಮಿನ್ ಎಂಬ ಔಷಧಿ ಕಂಡುಹಿಡಿದು ಲಕ್ಷಾಂತರ ಜನರ ಪ್ರಾಣ ಉಳಿಸಿದರು. ಇದರಲ್ಲೂ ಅದೇ ಅಡಗುವ ಆಟ. ಗುಣವಾದ ಕೆಲವರಿಗೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಚರ್ಮದ ಮೇಲೆ ಮಚ್ಚೆ, ಗಂಟು ಏಳುತ್ತವೆ. ಅವರಿಗೆ ನೋವಿಲ್ಲ, ಜ್ವರವಿಲ್ಲ. ಆದರೆ ಆ ಮಚ್ಚೆಯಲ್ಲಿ ಜೀವಿ ಇರುತ್ತದೆ, ಮರಳುನೊಣ ಅಲ್ಲಿಂದ ಹೊತ್ತೊಯ್ಯುತ್ತದೆ. ಅಂಥವರನ್ನೂ ಹುಡುಕಿ ಔಷಧಿ ಕೊಟ್ಟರೇ ರೋಗ ನಿಲ್ಲುವುದು. ನಮ್ಮ ನೆರೆಯ ಬಾಂಗ್ಲಾದೇಶ 2023ರಲ್ಲಿ, ಈ ರೋಗವನ್ನು ಜನರಿಗೆ ಕಂಟಕವಾಗದ ಮಟ್ಟಕ್ಕೆ ಇಳಿಸಿದ ಮೊದಲ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಮನ್ನಣೆ ಪಡೆಯಿತು.

ದೂರದ ದೇಶಗಳಲ್ಲೂ ಇಂಥವು ಇವೆ. ಆಫ್ರಿಕದಲ್ಲಿ ಸೆಟ್ಸಿ ನೊಣ ತರುವ ನಿದ್ರಾರೋಗದ ಜೀವಿ ಮೊದಲು ರಕ್ತದಲ್ಲಿದ್ದು ಆಮೇಲೆ ಮಿದುಳು ಸೇರುತ್ತದೆ. ದಕ್ಷಿಣ ಅಮೆರಿಕದ ಚಾಗಸ್ ರೋಗದ ಜೀವಿ ಹತ್ತಾರು ವರ್ಷ ಸುಮ್ಮನಿದ್ದು ಕೊನೆಗೆ ಹೃದಯವನ್ನು ಕೆಡಿಸಬಲ್ಲದು.

ನಾವು ಏನು ಮಾಡಬಹುದು?

1. ಚಳಿಜ್ವರ ಬಂದರೆ ಅಂಗಡಿ ಮಾತ್ರೆ ನುಂಗಿ ಮಲಗದೆ, ಆಶಾ ಕಾರ್ಯಕರ್ತೆಯ ಹತ್ತಿರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಕೊಡಿ. ಬೆರಳು ಚುಚ್ಚುವುದು ಇರುವೆ ಕಚ್ಚಿದಷ್ಟೇ ನೋವು. ಪರೀಕ್ಷೆಯೂ ಔಷಧಿಯೂ ಅಲ್ಲಿ ಉಚಿತ.

2. ಮನೆಯಲ್ಲಿ ಯಾರಿಗಾದರೂ 14 ದಿನದ ಮಾತ್ರೆ ಕೊಟ್ಟಿದ್ದರೆ ಆ ಲೆಕ್ಕ ನಾವು ಇಟ್ಟುಕೊಳ್ಳೋಣ. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕಿದರಾಯಿತು. ಓದು ಬರಹ ಬಾರದ ಅಜ್ಜ ಅಜ್ಜಿಗೆ ಇದಕ್ಕಿಂತ ದೊಡ್ಡ ಸೇವೆ ಇಲ್ಲ. ಖಾಲಿ ಹೊಟ್ಟೆಯಲ್ಲಿ ಕೊಡಬೇಡಿ.

3. ಮೊಟ್ಟೆಯಿಂದ ಸೊಳ್ಳೆಯಾಗಲು ನಮ್ಮ ಸೆಖೆಗೆ ಸುಮಾರು 8–10 ದಿನ ಸಾಕು. ಆದ್ದರಿಂದ ವಾರಕ್ಕೊಂದು ದಿನ ತೊಟ್ಟಿ, ಬಾನಿ, ದನ ಕುಡಿಯುವ ಕಲ್ಲುಬಾನಿ ಖಾಲಿ ಮಾಡಿ, ತಿಕ್ಕಿ, ಒಣಗಿಸಿ ತುಂಬಿಸಿ. ಖಾಲಿ ಮಾಡಲಾಗದ ಬಾವಿಗೆ ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನು ಬಿಡಿಸಲು ಆರೋಗ್ಯ ಇಲಾಖೆಯವರನ್ನು ಕೇಳಿ.

4. ಸೊಳ್ಳೆಪರದೆ ಕಟ್ಟಿ ಮಲಗಿ. ಮೊದಲು ಕೂಸು ಮತ್ತು ಗರ್ಭಿಣಿಗೆ ಪರದೆ, ಆಮೇಲೆ ನಮಗೆ.

5. ಶೌಚಾಲಯ ಬಳಸಿ. ಶೌಚದ ನಂತರ, ಊಟದ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಉಗುರು ಕತ್ತರಿಸಿ. ನೀರು ಕುದಿಸಿ ಆರಿಸಿ ಕುಡಿಯಿರಿ.

ಕೆಲವರು ಕೇಳುವ ಪ್ರಶ್ನೆಗಳು

ಪ್ರಶ್ನೆ: ಡೆಂಗ್ಯೂ ಕೂಡ ಸೊಳ್ಳೆಯಿಂದಲೇ ಬರುತ್ತದಲ್ಲ, ಅದೂ ಏಕಕೋಶ ಜೀವಿಯೇ?
ಉತ್ತರ: ಅಲ್ಲ. ಡೆಂಗ್ಯೂ ವೈರಸ್ಸಿನಿಂದ ಬರುತ್ತದೆ. ಸೊಳ್ಳೆಯೂ ಬೇರೆ, ಹಗಲು ಕಚ್ಚುವ ಈಡಿಸ್. ಮಲೇರಿಯದ ಮಾತ್ರೆ ಡೆಂಗ್ಯೂಗೆ ಕೆಲಸ ಮಾಡುವುದಿಲ್ಲ.

ಪ್ರಶ್ನೆ: ಮಲೇರಿಯ ರೋಗಿಯ ಜೊತೆ ಊಟ ಮಾಡಿದರೆ, ಮುಟ್ಟಿದರೆ ಬರುತ್ತದೆಯೇ?
ಉತ್ತರ: ಇಲ್ಲ. ರೋಗಿಯನ್ನು ದೂರ ಇಡಬೇಡಿ. ಪರದೆಯೊಳಗೆ ಮಲಗಿಸಿ.

ಪ್ರಶ್ನೆ: ಕೇರಳದಲ್ಲಿ ಮಿದುಳು ತಿನ್ನುವ ಅಮೀಬಾ ಬಂತಂತೆ, ಕೆರೆಗೆ ಈಜಲು ಹೋಗಬಹುದೇ?
ಉತ್ತರ: ಅದು ನೆಗ್ಲೇರಿಯ ಮುಂತಾದ, ನೀರಿನಲ್ಲಿ ತಾನಾಗಿ ಬದುಕುವ ಅಮೀಬಾ. 2024 ಮತ್ತು 2025ರಲ್ಲಿ ಕೇರಳದಲ್ಲಿ ಕೆಲವರು ಅದಕ್ಕೆ ಬಲಿಯಾದರು. ರೋಗ ಬಹಳ ಅಪರೂಪ, ಬಂದರೆ ಬಹಳ ಘೋರ. ನೆಗ್ಲೇರಿಯ ಕುಡಿದ ನೀರಿನಿಂದ ಬರುವುದಿಲ್ಲ, ಮೂಗಿಗೆ ನುಗ್ಗಿದ ನೀರಿನಿಂದ ಬರುತ್ತದೆ. ಬೇಸಿಗೆಯಲ್ಲಿ ಬತ್ತಿ ಬೆಚ್ಚಗಾದ, ಪಾಚಿಗಟ್ಟಿದ ನೀರಿನಲ್ಲಿ ಧುಮುಕಿ ಮುಳುಗಾಟ ಆಡಬೇಡಿ.

ಪ್ರಶ್ನೆ: ಮಲೇರಿಯಕ್ಕೆ ಲಸಿಕೆ ಇಲ್ಲವೇ?
ಉತ್ತರ: ಇದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಂದನ್ನು, 2023ರಲ್ಲಿ ಇನ್ನೊಂದನ್ನು ಒಪ್ಪಿತು. ಎರಡನೆಯದು ತಯಾರಾಗುವುದು ನಮ್ಮ ಪುಣೆಯಲ್ಲಿ. ಫಾಲ್ಸಿಪಾರಂ ಹೆಚ್ಚಿರುವ ಆಫ್ರಿಕದ ದೇಶಗಳಲ್ಲಿ ಚಿಕ್ಕ ಮಕ್ಕಳಿಗೆ ಕೊಡುತ್ತಿದ್ದಾರೆ. ವೈವಾಕ್ಸಿಗೆ ಅದು ನಡೆಯುವುದಿಲ್ಲ.

ಬಿಟ್ಟ ಸ್ಥಳ ತುಂಬಿರಿ (ಉತ್ತರ ಮೇಲೆಯೇ ಇದೆ)

1. ಮಲೇರಿಯ ಹರಡುವುದು ______ ಜಾತಿಯ ಹೆಣ್ಣು ಸೊಳ್ಳೆ.
2. ವೈವಾಕ್ಸ್ ಜೀವಿ ನಿದ್ದೆ ಹೋಗುವ ಅಂಗ ______.
3. ಅಡಗಿದ ವೈವಾಕ್ಸ್ ಕೊಲ್ಲಲು ______ ಮಾತ್ರೆಯನ್ನು ______ ದಿನ ನುಂಗಬೇಕು.
4. ಅಮೀಬಾದ ಕವಚ ಕಟ್ಟಿಕೊಂಡ ರೂಪಕ್ಕೆ ______ ಎನ್ನುತ್ತಾರೆ.
5. ಕಾಲಾ ಅಜಾರ್ ಹರಡುವ ಹುಳು ______.

ನೆನಪಿಡಿ: ಜ್ವರ ಬಿಟ್ಟ ದಿನ ನಮಗೆ ಹಾಯೆನಿಸಿದ ದಿನ, ಮಾತ್ರೆ ಮುಗಿದ ದಿನ ರೋಗ ಬಿಟ್ಟ ದಿನ. ಇದನ್ನು ಓದಿದವರು ಇವತ್ತು ಮನೆಗೆ ಹೋದ ಮೇಲೆ ಗೋಡೆಯ ಗೂಡಿನಲ್ಲಿ ಅರ್ಧ ಉಳಿದ ಮಾತ್ರೆ ಚೀಟಿ ಇದೆಯೇ ನೋಡಿ. ಇದ್ದರೆ ಅದನ್ನು ನುಂಗಬೇಡಿ, ಎಸೆಯಲೂಬೇಡಿ. ಆಶಾ ಅಕ್ಕನಿಗೆ ತೋರಿಸಿ ಕೇಳಿ.